ತಿಕ್ಕುವ ಕೈ, ನಿಲ್ಲಿಸುವ ಕೈ

ಆ ದಿನ ಬೆಳಗ್ಗೆ ನಾನು ಮತ್ತು ನನ್ನ ತಮ್ಮ ಪಂಪಾಪತಿ ಎಂದಿನಂತೆ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಿಂದ ಹೊರಟು, ದಾರಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು, ಸಿರುಗುಪ್ಪ ರಸ್ತೆಯಲ್ಲಿದ್ದ ಗಾಡಿ ತೊಳೆಯುವ ನಮ್ಮ ವಾಟರ್ ಸರ್ವಿಸ್ ಶೆಡ್ಡಿಗೆ ಬಂದೆವು. ಸ್ಕೂಟರ್ ನಿಲ್ಲಿಸುವ ಮೊದಲೇ ಕುರುಗೋಡಿನ ಗೌಡರು ತಮ್ಮ ಹಳೆಯ ಕಾರಿನ ಪಕ್ಕ ನಿಂತಿದ್ದು ಕಂಡಿತು. ಕೆನೆ ಬಣ್ಣದ ಆ ಕಾರಿನ ಎರಡೂ ಬದಿಯ ಬಾಗಿಲ ಕೆಳಗೆ ಯಾರೋ ಸಾಸಿವೆ ಎರಚಿದಂತೆ ಕಪ್ಪು ಚುಕ್ಕೆಗಳಿದ್ದವು. ಕುರುಗೋಡಿನ ರಸ್ತೆಗೆ ಹೊಸದಾಗಿ ಡಾಂಬರು ಹಾಕುತ್ತಿದ್ದರು. ಗೌಡರು ಅದರ ಮೇಲೆಯೇ ಗಾಡಿ ಓಡಿಸಿಕೊಂಡು ಬಂದಿದ್ದರು.

"ಡಾಂಬರು ಆರೋತನ ತಡಕೋಬೇಕಿತ್ರಿ ಗೌಡ್ರ," ಎಂದ ಪಂಪ.

"ಎಲ್ಲಾರೂ ತಡಕೊಂಡ್ರ ನೀ ಹೊಟ್ಟಿಗೆ ಏನ್ ತಿಂತೀಲೇ?" ಎಂದರು ಗೌಡರು.

ನಗು ಮುಗಿದ ಮೇಲೆ ಅವರು ಗಂಭೀರವಾಗಿ ಒಂದು ಮಾತು ಹೇಳಿದರು. "ಇದು ನಮ್ಮಪ್ಪ ಓಡಿಸಿದ ಗಾಡಿ. ಕಂಪನಿ ಬಣ್ಣನ ಐತಿ, ಒಮ್ಮೆನೂ ಪೇಂಟ್ ಹೊಡಿಸಿಲ್ಲ. ಡಾಂಬರು ಉಳದ್ರ ಉಳೀಲಿ. ಬಣ್ಣ ಮಾತ್ರ ಹೋಗಬಾರದು."

ಆ ದಿನ ನಾವು ಎಡಬದಿಯನ್ನು ಮುಗಿಸಿದೆವು. ನಾನು ತಿಕ್ಕಿದೆ, ಪಂಪ ಕೈಯಾಡಿಸಿ ನೋಡಿದ. ಒಂದೊಂದು ಬಾಗಿಲಿಗೂ "ಸಾಕು ಬಿಡಕ್ಕ" ಎಂದ. ಬಲಬದಿಗೆ ಇಳಿಬಿಸಿಲು ಬಿದ್ದು ತಗಡು ಕಾದಿತ್ತು. ಕಾದ ತಗಡಿನ ಮೇಲೆ ನಾವು ಕೈ ಹಾಕುತ್ತಿರಲಿಲ್ಲ. "ಈ ಕಡೀದು ನಾಳಿ ನೋಡೋಣ," ಎಂದು ಪಂಪ ಕಾರಿಗೆ ಬಟ್ಟೆ ಹೊದಿಸಿದ. ನಲ್ಲಿ ಬಿಗಿಯಾಗಿ ನಿಲ್ಲಿಸಿದೆಯಾ ಎಂದು ನನ್ನನ್ನು ಕೇಳಿದ. ನಿಲ್ಲಿಸಿದ್ದೇನೆ ಎಂದೆ. ಮನೆಗೆ ಹೋದೆವು.

ಮರುದಿನ ಬೆಳಗ್ಗೆ ಅವನಿಗೆ ಎದೆನೋವು ಬಂತು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬರುವಾಗ ಅವನಿರಲಿಲ್ಲ.

ನಾನೀಗ ಕೆಲಸ ಬಿಟ್ಟಿದ್ದೇನೆ. ಶೆಡ್ಡನ್ನು ಪಂಪನ ಹೆಂಡತಿ ನಾಗವೇಣಿ ನಡೆಸುತ್ತಾಳೆ. ಅಲ್ಲಿ ಹೊಸದಾಗಿ ಸೇರಿದ ಹೆಣ್ಣುಮಕ್ಕಳು ಕೆಲಸ ಹೇಳಿಕೊಡಿ ಎನ್ನುತ್ತಾರೆ. ಹೇಳಲು ಹೋದರೆ ಮಾತು ಮಾತಿಗೂ ಅವನ ಹೆಸರು ಬಂದು ಪಾಠ ಅಲ್ಲೇ ನಿಲ್ಲುತ್ತದೆ. ಬರೆದರೆ ಅಷ್ಟು ಕಷ್ಟವಾಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ರಾರಾವಿಯವಳು. ಓದಿದ್ದು ಏಳನೆಯವರೆಗೆ. ಗಂಡ ತೀರಿಕೊಂಡ ಮೇಲೆ ಬಳ್ಳಾರಿಗೆ ತಮ್ಮನ ಮನೆಗೆ ಬಂದೆ. ಸುಮ್ಮನೆ ಕೂತು ಉಣ್ಣಲು ಮನಸ್ಸು ಬರಲಿಲ್ಲ. ಪಂಪ ಆಗ ಒಬ್ಬನೇ ಲಾರಿ, ಜೀಪು ತೊಳೆಯುತ್ತಿದ್ದ. "ನಾನೂ ಬರ್ತೀನಿ," ಎಂದೆ. "ಮಂದಿ ಏನಂತಾರ ಅಕ್ಕ?" ಎಂದ. "ಮಂದಿ ಗಾಡಿನೂ ತೊಳೀತೀನಿ ಅಂತ ಹೇಳು," ಎಂದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ನಮಗೆ ಕೆಲಸ ಕಲಿಸಿದವರು ಪಕ್ಕದಲ್ಲೇ ಗಾಡಿಗಳಿಗೆ ಪೇಂಟ್ ಹೊಡೆಯುತ್ತಿದ್ದ ಖಾಜಾಸಾಬರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಮ್ಮ ಮೇಲೆ ಅವರಿಗೆ ಅಧಿಕಾರ ಯಾವುದೂ ಇರಲಿಲ್ಲ, ಆದರೂ ಅವರು ಬೈದರೆ ನಾವು ತಲೆ ತಗ್ಗಿಸುತ್ತಿದ್ದೆವು. ನಾನು ಮೊದಲ ದಿನ ಒಂದು ಜೀಪಿನ ಮೇಲಿನ ಕೆಂಪು ಧೂಳನ್ನು ಒಣ ಬಟ್ಟೆಯಿಂದ ಒರೆಸಲು ಹೋದಾಗ ಅವರು ಕೈಯಲ್ಲಿದ್ದ ಚಹಾದ ಗ್ಲಾಸು ಅಲ್ಲೇ ಇಟ್ಟು ಓಡಿ ಬಂದರು.

"ಅರೇ ಬೇಟಿ, ಅದು ಧೂಳಲ್ಲ, ಅದಿರು! ಕಬ್ಬಿಣ! ಉಪ್ಪು ಕಾಗದ ಹಚ್ಚಿ ತಿಕ್ಕಿದಂಗ ಆಗತೈತಿ. ಮೊದಲ ನೀರು ಬಿಡು. ನೀರು ಎಷ್ಟು ಒಯ್ತೈತೋ ಒಯ್ಲಿ. ಉಳದದ್ದಕ್ಕ ಮಾತ್ರ ನೀನು."

ಬಳ್ಳಾರಿಯಲ್ಲಿ ಈ ಕೆಲಸಕ್ಕೆ ಬರುವವರು ಮೊದಲು ಕಲಿಯಬೇಕಾದದ್ದು ಇದೇ. ಡಾಂಬರು, ಹುಳ, ಅಂಟು ಏನೇ ಇರಲಿ, ಅದರ ಮೇಲೊಂದು ಪದರ ಅದಿರಿನ ಪುಡಿ ಇದ್ದೇ ಇರುತ್ತದೆ. ಅದು ಇರುವಾಗ ತಿಕ್ಕಿದರೆ ಕಲೆ ಹೋಗುತ್ತದೆ, ಜೊತೆಗೆ ಗೀರೂ ಬೀಳುತ್ತದೆ. ಕಲೆಯನ್ನು ನಾಳೆಯೂ ತೆಗೆಯಬಹುದು, ಗೀರನ್ನು ತೆಗೆಯಲಾಗದು.

ಉಸ್ತಾದರ ಇನ್ನೊಂದು ಪಾಠ ಪಂಪನ ಎಡವಟ್ಟಿನಿಂದ ನಮಗೆ ಸಿಕ್ಕಿತು. ಮದುವೆ ದಿಬ್ಬಣಕ್ಕೆ ಹೋಗಿ ಬಂದ ಒಂದು ಕಾರು. ಹಿಂದಿನ ಗಾಜಿಗೂ ಡಿಕ್ಕಿಗೂ ಗಂಡು ಹೆಣ್ಣಿನ ಹೆಸರು ಅಂಟಿಸಿದ್ದರು, ಹೂವಿನ ಹಾರಕ್ಕೆ ಟೇಪು ಸುತ್ತಿದ್ದರು. ಅದೆಲ್ಲ ಕಿತ್ತ ಮೇಲೆ ಗೋಂದು ಉಳಿದು, ಬಿಸಿಲಿಗೆ ಕಂದಿ, ಕೈ ಇಟ್ಟರೆ ಹಿಡಿದುಕೊಳ್ಳುತ್ತಿತ್ತು. ಪಂಪ ಬೇಗ ಮುಗಿಯಲಿ ಎಂದು ಬಟ್ಟೆಗೆ ಪೇಂಟ್ ಕರಗಿಸುವ ಥಿನ್ನರ್ ಹಾಕಿಕೊಂಡು ಒರೆಸಿದ. ಗೋಂದು ಬಂತು. ಬಟ್ಟೆಯೂ ಕುಂಕುಮದಂತೆ ಕೆಂಪಾಯಿತು. ಆ ಡಿಕ್ಕಿಗೆ ಹಿಂದೊಮ್ಮೆ ಯಾರೋ ಹೊಸದಾಗಿ ಪೇಂಟ್ ಹೊಡೆದಿದ್ದರು. ಕಂಪನಿಯ ಬಣ್ಣ ತಡೆಯುವುದನ್ನು ಶೆಡ್ಡಿನ ಬಣ್ಣ ತಡೆಯುವುದಿಲ್ಲ ಎಂದು ನಮಗೆ ಗೊತ್ತಿರಲಿಲ್ಲ.

ಉಸ್ತಾದ್ ಬಂದು ನೋಡಿದರು. ಪಂಪನ ಮುಖ ನೋಡಿದರು. "ಪಂಪಾ, ಗೊತ್ತಿಲ್ಲದ ಮನಿಗೆ ಹೋದ್ರ ಹೊಸ್ತಿಲದಾಗ ನಿಂತು ಸಲಾಂ ಅಂತೀಯೋ ಇಲ್ಲೋ? ಸೀದಾ ಅಡಿಗಿ ಮನಿಗೆ ನುಗ್ತೀಯೇನು? ಬಣ್ಣಕ್ಕೂ ಮೊದಲ ಸಲಾಂ ಹೇಳಬೇಕು."

ಅಂದಿನಿಂದ ನಮ್ಮ ಶೆಡ್ಡಿನಲ್ಲಿ ಅದಕ್ಕೆ ಸಲಾಂ ಎಂದೇ ಹೆಸರು. ಬಾಗಿಲು ತೆರೆದರೆ ಒಳಅಂಚು ಕಾಣುತ್ತದಲ್ಲ, ಅಲ್ಲಿ ಯಾರೂ ನೋಡುವುದಿಲ್ಲ. ಏನನ್ನು ಹಚ್ಚುವುದಿದ್ದರೂ ಮೊದಲು ಅಲ್ಲಿ ಒಂದು ಹನಿ ಹಚ್ಚಿ, ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆಗೆ ಬಣ್ಣ ಬಂತೇ ಎಂದು ನೋಡಬೇಕು. ಬಂದರೆ ಅದನ್ನು ಆ ಗಾಡಿಗೆ ಮುಟ್ಟಿಸಬಾರದು. "ಅಕ್ಕ, ಸಲಾಂ ಆತೇನು?" ಎಂದು ಪಂಪ ಕೇಳಿದರೆ, ಬಂದ ಗಿರಾಕಿಗಳು ಇವರು ಯಾರಿಗೆ ಸಲಾಂ ಹೇಳುತ್ತಾರೆ ಎಂದು ಸುತ್ತ ನೋಡುತ್ತಿದ್ದರು. ಗೋಂದಿಗೆ ನಾವು ಆಮೇಲೆ ಥಿನ್ನರ್ ಮುಟ್ಟಲಿಲ್ಲ. ಶೇಂಗಾ ಎಣ್ಣೆ ಹಚ್ಚಿ ನೆನೆಯಲು ಬಿಟ್ಟು, ಬೆರಳ ತುದಿಯಿಂದ ಉಂಡೆ ಕಟ್ಟುತ್ತ ತೆಗೆಯುತ್ತಿದ್ದೆವು. ನಿಧಾನದ ಕೆಲಸ. ಆದರೆ ಬಣ್ಣ ಅಲ್ಲೇ ಇರುತ್ತಿತ್ತು.

ಸಿರುಗುಪ್ಪದ ಕಡೆಯಿಂದ ಬರುವ ಗಾಡಿಗಳ ಕಥೆಯೇ ಬೇರೆ. ಅಲ್ಲಿ ರಸ್ತೆಯ ಎರಡೂ ಬದಿಗೆ ಭತ್ತದ ಗದ್ದೆ. ತೆನೆ ಕಟ್ಟುವ ಕಾಲದಲ್ಲಿ ಸಂಜೆ ದೀಪ ಹಾಕಿಕೊಂಡು ಬಂದ ಗಾಡಿಯ ಮೂತಿಯ ತುಂಬ ಹುಳ. ನೋಡಲು ಡಾಂಬರಿಗಿಂತ ಸಣ್ಣ ವಿಷಯ ಎನಿಸುತ್ತದೆ. ಹಾಗಲ್ಲ. ಹುಳದ ರಸ ಬಿಸಿಲಿಗೆ ಒಣಗಿದರೆ ಬಣ್ಣವನ್ನು ತಿನ್ನುತ್ತದೆ, ಆಮೇಲೆ ಹುಳ ಹೋದರೂ ಅದರ ನೆರಳು ಹೋಗುವುದಿಲ್ಲ.

ಅಕ್ಕಿ ಗಿರಣಿಯ ಸಾಹುಕಾರರ ಗಾಡಿ ಓಡಿಸುತ್ತಿದ್ದ ಈರಣ್ಣ ಒಮ್ಮೆ ಹೊಸ ಕಪ್ಪು ಗಾಡಿಯನ್ನು ತಂದು ನಿಲ್ಲಿಸಿ, ಇಳಿಯದೆ ಒಳಗೇ ಕೂತಿದ್ದ. ಪಂಪ ಹೋಗಿ ಮುಂದೆ ನೋಡಿದರೆ ಬಾನೆಟ್ಟಿನ ಮೂತಿ ಪೂರ್ತಿ ಮಂಜು ಕವಿದಂತೆ ಬೆಳ್ಳಗಾಗಿತ್ತು.

"ಏನ್ ಹಚ್ಚಿದ್ದೋ ಈರಣ್ಣ?"

"ಆಯುಧ ಪೂಜಿ ನಾಳಿ. ಹುಳ ಹೋಗಲಿಲ್ಲಪಾ. ನಮ್ಮವ್ವ ದೇವರ ತಂಬಿಗಿ ಬೆಳಗೋದು ನೋಡಿದ್ನೆಲ್ಲ. ಹುಣಸಿಹಣ್ಣು, ಬೂದಿ."

ಪಂಪ ಕಾಂಪೌಂಡಿಗೆ ಒರಗಿ ನಕ್ಕುಬಿಟ್ಟ. "ಈರಣ್ಣ, ದೇವರೇನೋ ಮೆಚ್ಚತಾನ. ಸಾಹುಕಾರ ಮೆಚ್ಚಂಗಿಲ್ಲ."

"ನಗಬ್ಯಾಡಲೇ, ನನ್ನ ಕೆಲಸ ಹೋಗತೈತಿ."

ನನಗೆ ನಗು ಬರಲಿಲ್ಲ. ನಮ್ಮ ಕಡೆಯ ಯಾವ ಮನೆಯಲ್ಲಿ ಹುಟ್ಟಿದವರಾದರೂ ಹಾಗೇ ಮಾಡುತ್ತಿದ್ದರು. ಹಿತ್ತಾಳೆಗೆ ತಿಕ್ಕಿದಷ್ಟೂ ಹೊಳಪು. ನಾವು ಕಂಡ ಹೊಳಪೆಲ್ಲ ತಿಕ್ಕಿದ್ದರಿಂದ ಬಂದದ್ದು. ಗಾಡಿಯ ಹೊಳಪು ಮೇಲೆ ಹಾಕಿದ ತೆಳು ಪದರದ್ದು, ತಿಕ್ಕಿದಷ್ಟೂ ಹೋಗುತ್ತದೆ ಎಂಬುದನ್ನು ಕೈ ನಂಬುವುದೇ ಇಲ್ಲ. ಕೈಗೆ ಅದನ್ನು ಕಲಿಸಲು ವರ್ಷಗಳು ಬೇಕು. ಉಸ್ತಾದ್ ಆ ಮಂಜನ್ನು ಪಾಲಿಷ್ ಹಾಕಿ ಬಹುಮಟ್ಟಿಗೆ ತೆಗೆದುಕೊಟ್ಟರು. ಈರಣ್ಣ ಸಾಹುಕಾರರಿಗೆ ಏನು ಹೇಳಿದನೋ ಗೊತ್ತಿಲ್ಲ, ಕೆಲಸವಂತೂ ಉಳಿಯಿತು. ಮುಂದೆ ಗದ್ದೆಯ ಕಾಲ ಬಂದಾಗಲೆಲ್ಲ ಅವನು ದಾರಿಯಲ್ಲೇ ಒದ್ದೆ ಟವೆಲ್ಲು ಗಾಡಿಯ ಮೂತಿಗೆ ಹೊದಿಸಿಕೊಂಡು ಬರುತ್ತಿದ್ದ. ಅದೇ ಸರಿಯಾದ ಮದ್ದು. ಸೋಪಿನ ನೀರಲ್ಲಿ ಅದ್ದಿದ ಟವೆಲ್ಲನ್ನು ಹುಳದ ಮೇಲೆ ಹಾಸಿ, ನೆರಳಲ್ಲಿ ಬಿಡಿ. ಹುಳ ತಾನಾಗಿ ಮೆತ್ತಗಾಗುತ್ತದೆ. ನೀವು ತಿಕ್ಕುವುದಲ್ಲ, ಜಾರಿಸುವುದು.

ಈಗ ಉಸ್ತಾದರ ಕೊನೆಯ ಪಾಠಕ್ಕೆ ಬರುತ್ತೇನೆ. ನಮ್ಮ ಕೆಲಸ ನಿಂತದ್ದು ಅದರ ಮೇಲೆ. ಇಬ್ಬರೂ ಒಟ್ಟಿಗೆ ತಿಕ್ಕುತ್ತಿದ್ದುದನ್ನು ನೋಡಿ ಅವರು ಒಂದು ದಿನ ಹೇಳಿದರು: "ಒಬ್ಬರು ತಿಕ್ರಿ, ಒಬ್ಬರು ನೋಡ್ರಿ. ತಿಕ್ಕಿದವರು ನೋಡಬಾರದು. ತಿಕ್ಕಿದ ಕಣ್ಣಿಗೆ ಉಳದದ್ದು ಮಾತ್ರ ಕಾಣತೈತಿ."

ಆಮೇಲೆ ಬೇಕರಿಯವರು ಬ್ರೆಡ್ಡಿಗೆ ಹಾಕಿಕೊಡುವಂಥ ತೆಳು ಪ್ಲಾಸ್ಟಿಕ್ ಕವರನ್ನು ಪಂಪನ ಕೈಗೆ ತೊಡಿಸಿ, ತೊಳೆದ ಬಾಗಿಲ ಮೇಲೆ ಸವರಿಸಿದರು. ಪಂಪ ಹುಬ್ಬೇರಿಸಿದ. ಬರಿಗೈಗೆ ನುಣುಪಾಗಿದ್ದ ಬಾಗಿಲು ಕವರಿನ ಒಳಗಿನ ಕೈಗೆ ರವೆ ಹಾಸಿದಂತಿತ್ತು. ಇದನ್ನು ನೀವೂ ಮಾಡಿ ನೋಡಿ, ಹೇಳಿದರೆ ನಂಬುವುದು ಕಷ್ಟ.

ಅಂದಿನಿಂದ ನಾನು ತಿಕ್ಕುವವಳು, ಅವನು ನೋಡುವವನು. ಡಾಂಬರಿಗೆ ಆಗ ಸೀಮೆಎಣ್ಣೆ. ಬಟ್ಟೆಯ ತುಂಡಿಗೆ ಹಾಕಿಕೊಂಡು ಚುಕ್ಕೆಯ ಮೇಲೆ ಇಟ್ಟು ಹಿಡಿದರೆ ಅದು ಕರಗಿ ಕಂದು ನೀರಾಗುತ್ತಿತ್ತು. ಬಟ್ಟೆಯ ಮಗ್ಗುಲು ಬದಲಿಸಿ ಎತ್ತಿಕೊಳ್ಳುತ್ತಿದ್ದೆ, ಕೂಡಲೇ ಸೋಪಿನಿಂದ ತೊಳೆಯುತ್ತಿದ್ದೆ. ಅಷ್ಟು ಹೊತ್ತು ಆ ಸುತ್ತ ಬೀಡಿ ಹಚ್ಚಲು ಪಂಪ ಯಾರನ್ನೂ ಬಿಡುತ್ತಿರಲಿಲ್ಲ, ಉಸ್ತಾದರನ್ನು ಕೂಡ. ಆಮೇಲೆ ಅವನು ಕಣ್ಣು ಮುಚ್ಚಿ, ಕವರು ತೊಟ್ಟ ಕೈಯನ್ನು ಬಾಗಿಲ ಮೇಲೆ ಓಡಿಸುತ್ತಿದ್ದ. "ಇಲ್ಲೊಂದೀಟು," ಎಂದು ಬೆರಳು ನಿಲ್ಲಿಸುತ್ತಿದ್ದ, ಇಲ್ಲವೇ "ಸಾಕು ಬಿಡಕ್ಕ" ಎನ್ನುತ್ತಿದ್ದ. ನನಗೆ ಇನ್ನೂ ಏನೋ ಕಾಣುತ್ತಿತ್ತು, ತಿಕ್ಕಲು ಕೈ ತುಡಿಯುತ್ತಿತ್ತು. ಜಗಳವಾಡುತ್ತಿದ್ದೆ. "ಕಣ್ಣಿಲ್ಲೇನು ನಿನಗ?" ಎಂದರೆ, "ಕಣ್ಣು ಮುಚ್ಚೇ ನೋಡೋದು ನನ್ನ ಕೆಲಸ," ಎನ್ನುತ್ತಿದ್ದ. ಬಟ್ಟೆಯನ್ನು ನನ್ನ ಕೈಯಿಂದ ಕಿತ್ತು ಬಕೆಟ್ಟಿಗೆ ಹಾಕಿಬಿಡುತ್ತಿದ್ದ.

ಕಾಲಕ್ಕೆ ತಕ್ಕಂತೆ ಸಾಮಾನು ಬದಲಾದವು. ರೇಷನ್ನಿನ ಸೀಮೆಎಣ್ಣೆ ನಿಂತುಹೋಯಿತು, ಡಾಂಬರು ತೆಗೆಯಲೆಂದೇ ಬಾಟಲಿಗಳು ಬಂದವು. ಹಳೆ ಬನಿಯನ್ನಿನ ಬದಲು ನವಿರಾದ ನೂಲಿನ ಬಟ್ಟೆ ಬಂತು. ರವೆಯಂಥ ಕೊಳೆ ಎತ್ತಲು ಜಿಗುಟಾದ ಕ್ಲೇ ಉಂಡೆ ಬಂತು. ಅದು ಒಮ್ಮೆ ನೆಲಕ್ಕೆ ಬಿದ್ದರೆ ಮುಗಿಯಿತು, ತೊಳೆದು ಮತ್ತೆ ಬಳಸಬೇಡಿ, ಅದರೊಳಗೆ ಮರಳು ಕೂತಿರುತ್ತದೆ. ಉಸ್ತಾದ್ ತೀರಿಕೊಂಡರು. ಅವರ ಶೆಡ್ಡಿನ ಜಾಗದಲ್ಲಿ ಟೈರಿನ ಅಂಗಡಿ ಬಂತು. ಬದಲಾಗದೆ ಉಳಿದದ್ದು ಆ ನಿಯಮ ಒಂದೇ.

ಹಾಗಾಗಿ ಪಂಪ ಹೋದ ಮೇಲೆ ಮನೆಯಲ್ಲಿ ಎದ್ದ ಪ್ರಶ್ನೆ ಸುಳ್ಳಾಗಿರಲಿಲ್ಲ. ದಿನಕರ್ಮಗಳು ಮುಗಿದು ಬಂದವರೆಲ್ಲ ಹೊರಟ ಮೇಲೆ, ನಾಗವೇಣಿಯ ಅಣ್ಣ ಮಲ್ಲಣ್ಣ ಶೆಡ್ಡಿನ ಮಾತು ತೆಗೆದರು. ಕೆಟ್ಟವರಲ್ಲ, ತಂಗಿಯ ಚಿಂತೆ ಅವರಿಗೆ.

"ಗಂಗಕ್ಕ, ನೀವೇ ಹೇಳಿದ್ದು, ಇಬ್ಬರು ಮಾಡೋ ಕೆಲಸ ಇದು ಅಂತ. ಒಬ್ಬಾಕಿ ಹೆಂಗ ಮಾಡ್ತೀರಿ? ಬೀಗ ಹಾಕೋಣ. ಜಾಗ ಯಾರಿಗರೆ ಕೊಡೋಣ."

ನಾಗವೇಣಿ ತಲೆ ತಗ್ಗಿಸಿ ಕೂತಿದ್ದಳು. ನಾನು, "ಅಲ್ಲಿ ಒಂದು ಗಾಡಿ ಅರ್ಧ ಆಗೇತಿ," ಎಂದೆ.

"ಅದನ್ನ ಗೌಡರು ಹಂಗ ಒಯ್ತಾರ."

"ಅದು ಪಂಪ ಮುಟ್ಟಿದ ಕೊನೀ ಗಾಡಿ. ಅರ್ಧ ಬಿಟ್ಟು ಕೊಡಂಗಿಲ್ಲ."

ಮಲ್ಲಣ್ಣ ತಂಗಿಯ ಕಡೆ ನೋಡಿ ಹೇಳಿದರು: "ಆತು. ಅದನ್ನ ಮಾಡ್ರಿ. ಗೌಡರು ಒಪ್ಪಿದ್ರ ಶೆಡ್ ನಡೀಲಿ. ಬಣ್ಣ ಹೋತಂದ್ರ ಕೀಲಿ ನನ್ನ ಕೈಯಾಗ ಕೊಡಬೇಕು." ನಾನು ಒಪ್ಪಿದೆ.

ಗೌಡರಿಗೆ ಫೋನು ಮಾಡಿದಾಗ ಅವರೂ ಅದೇ ಹೇಳಿದರು. "ಇರ್ಲಿ ಬಿಡವ್ವ ಗಂಗವ್ವ, ಇಂಥಾದ್ರಾಗ ಗಾಡಿ ಏನು. ಹಂಗ ಒಯ್ತೀನಿ."

"ನಾಳಿ ಸಂಜಿಗೆ ಬರ್ರಿ ಗೌಡ್ರ," ಎಂದೆ.

ಬೆಳಗ್ಗೆ ಒಬ್ಬಳೇ ಹೋದೆ. ಕಾರಿನ ಮೇಲಿನ ಹೊದಿಕೆ ತೆಗೆದೆ. ಎಡಬದಿ ಕನ್ನಡಿಯಂತಿತ್ತು. ಬಲಬದಿಯ ಡಾಂಬರು ಇಷ್ಟು ದಿನ ಕೂತು ಕಲ್ಲಾಗಿತ್ತು. ಮೊದಲು ನೀರು. ಆಮೇಲೆ ಬಾಗಿಲ ಒಳಅಂಚಿನಲ್ಲಿ ಸಲಾಂ. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಬಟ್ಟೆ ತೋಯಿಸಿ ಚುಕ್ಕೆಗಳ ಮೇಲೆ ಇಟ್ಟು ಹಿಡಿದೆ, ಕಾದೆ, ಎತ್ತಿದೆ. ಒಣಗಲು ಬಿಡದೆ ತೊಳೆದೆ. ಮತ್ತೆ ಇಟ್ಟೆ. ಹಿಂದಿನ ಬಾಗಿಲು ಮುಗಿಯಿತು. ಮುಂದಿನ ಬಾಗಿಲೂ ಬಹಳ ಮಟ್ಟಿಗೆ ಬಂತು. ಕೊನೆಗೆ ಬಾಗಿಲ ನಡುವೆ ಉದ್ದಕ್ಕೂ ಏಣಿನಂತೆ ಎದ್ದ ಗೆರೆಯ ಮೇಲೆ ಒಂದು ಚುಕ್ಕೆ ಉಳಿಯಿತು. ಅಂಥ ಏಣುಗಳ ಮೇಲೆ ಬಣ್ಣ ಯಾವಾಗಲೂ ತೆಳು. ಚುಕ್ಕೆ ಸಣ್ಣಗಾಗುತ್ತ ಬಂತು, ಹೋಗಲಿಲ್ಲ. ಇನ್ನೊಂದು ಸಲ, ಇನ್ನೊಂದೇ ಸಲ ಎಂದು ಕೈ ಹೋಗುತ್ತಿತ್ತು. ಅದನ್ನು ತೆಗೆದರೆ ಶೆಡ್ಡು ಉಳಿಯುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ನನ್ನ ಕೈಯಿಂದ ಬಟ್ಟೆ ಕಿತ್ತುಕೊಳ್ಳುವವರು ಯಾರೂ ಇರಲಿಲ್ಲ.

ಬಟ್ಟೆಯನ್ನು ನಾನೇ ಬಕೆಟ್ಟಿಗೆ ಹಾಕಿದೆ. ನಲ್ಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ಕಟ್ಟಿಸಿಕೊಂಡು ಬಂದಿದ್ದ ಒಗ್ಗರಣೆಯನ್ನು ಕಾರಿಗೆ ಬೆನ್ನು ಮಾಡಿ ಕೂತು ತಿಂದೆ. ಆಮೇಲೆ ಎದ್ದು, ಪಂಪ ಬರುತ್ತಿದ್ದ ಕಡೆಯಿಂದ, ಹಿಂದಿನ ಚಕ್ರದ ಬಳಿಯಿಂದ ಬಂದೆ. ತಿಕ್ಕಿದ್ದು ಬಲಗೈ, ಆದ್ದರಿಂದ ಕವರನ್ನು ಎಡಗೈಗೆ ತೊಟ್ಟೆ. ಕಣ್ಣು ಮುಚ್ಚಿದೆ.

ಬಾಗಿಲು ನುಣುಪಾಗಿತ್ತು. ಏಣಿನ ಮೇಲೆ ಚುಕ್ಕೆಯ ಜಾಗಕ್ಕೆ ಬಂದಾಗ ಎಡಗೈಗೆ ಡಾಂಬರಿನ ಉಬ್ಬು ಸಿಗಲಿಲ್ಲ. ಅದರ ಸುತ್ತ ಕೂದಲಿನಷ್ಟು ಸಣ್ಣ ಅಂಚು ಸಿಕ್ಕಿತು. ಅಲ್ಲಿ ಎಂದೋ ಕಲ್ಲು ಸಿಡಿದು ಬಣ್ಣ ಬಿರಿದಿತ್ತು, ಡಾಂಬರು ಆ ಬಿರುಕಿನೊಳಗೆ ಕೂತಿತ್ತು. ತೆಗೆದರೆ ಸುತ್ತಲಿನ ಬಣ್ಣ ಸಿಪ್ಪೆಯಂತೆ ಏಳುತ್ತಿತ್ತು. ಕಣ್ಣಿಗೆ ಇದು ಕಂಡಿರಲಿಲ್ಲ. ಕಣ್ಣಿಗೆ ಕಂಡಿದ್ದು ಕಪ್ಪು ಮಾತ್ರ.

"ಸಾಕು," ಎಂದೆ, ಗಟ್ಟಿಯಾಗಿಯೇ.

ಸಂಜೆ ಗೌಡರು ಬಂದರು. ಮಲ್ಲಣ್ಣನೂ ನಾಗವೇಣಿಯೂ ಬಂದಿದ್ದರು. ಗೌಡರು ಕಾರಿನ ಸುತ್ತ ಬಂದು ಬಲಬದಿಯ ಏಣಿನ ಹತ್ತಿರ ಬಗ್ಗಿದರು.

"ಇಲ್ಲೊಂದು ಉಳದೈತೆಲ್ಲ?"

"ಉಳಿದಿಲ್ರಿ, ಉಳಿಸೀನಿ," ಎಂದೆ. "ಒಳಗ ಬಣ್ಣ ಬಿರದೈತಿ. ಅದನ್ನ ತೆಗದ್ರ ಬಣ್ಣನೂ ಕಿತ್ತು ಬರತೈತಿ. ನೀವ ಹೇಳಿದ್ರೆಲ್ಲ, ಡಾಂಬರು ಉಳದ್ರ ಉಳೀಲಿ ಅಂತ."

ಅವರು ಉಗುರು ತಾಗಿಸಲು ಹೋಗಿ ಕೈ ಹಿಂದೆಗೆದರು. ಎದ್ದು ನಿಂತು, ಎಡಬದಿಗೆ ಹೋಗಿ ಪಂಪ ನೋಡಿದ ಬಾಗಿಲುಗಳನ್ನು ಅಂಗೈಯಿಂದ ಸವರಿದರು. ಮತ್ತೆ ಈ ಕಡೆ ಬಂದು ನನ್ನದನ್ನು ಸವರಿದರು.

"ಇರ್ಲಿ ಬಿಡವ್ವ. ಡಾಂಬರು ಆರೋತನ ತಡಕೋಲಿಲ್ಲ ಅನ್ನೋದು ನನಗೂ ನೆನಪಿರಬೇಕಲ್ಲ," ಎಂದರು. ಕಾರು ಹತ್ತುವ ಮುನ್ನ ಮಲ್ಲಣ್ಣನ ಕಡೆ ತಿರುಗಿ, "ಮುಂದಿನ ಸಲನೂ ಇಲ್ಲೇ ತರತೀನಿ," ಎಂದರು.

ಮಲ್ಲಣ್ಣ ನನ್ನ ಹತ್ತಿರವಿದ್ದ ಕೀಲಿಯನ್ನು ಇಸಿದುಕೊಂಡು ತಾವೇ ನಾಗವೇಣಿಯ ಕೈಗೆ ಕೊಟ್ಟರು. ಮರುದಿನ ನಾಗವೇಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಜೊತೆ ಬಂದಳು. ಮೊದಮೊದಲು ಹೆದರಿಕೆಗೆ ಚುಕ್ಕೆ ಇರುವಾಗಲೇ ಸಾಕು ಎನ್ನುತ್ತಿದ್ದಳು. "ಇನ್ನೂ ನಾ ಬಟ್ಟಿನೇ ತೋಯಿಸಿಲ್ಲಬೇ," ಎಂದು ನಾನು ಬೈಯುತ್ತಿದ್ದೆ. ಈಗ ಅವಳ ಕೈ ಪಳಗಿದೆ. ಆ ಹೆಣ್ಣುಮಕ್ಕಳನ್ನೂ ಜೋಡಿ ಜೋಡಿಯಾಗಿ ನಿಲ್ಲಿಸುತ್ತಾಳೆ, ಒಬ್ಬಳು ತಿಕ್ಕಲು, ಒಬ್ಬಳು ನೋಡಲು.

ಅವರಿಗೆ ನನ್ನದೊಂದು ಮಾತು. ಕೈಗೆ ಗ್ಲೌಸು ಹಾಕಿಕೊಳ್ಳಿ. ನಾನು ಹಾಕಿಕೊಳ್ಳಲಿಲ್ಲ. ಸೀಮೆಎಣ್ಣೆ ಕುಡಿದು ಕುಡಿದು ನನ್ನ ಬೆರಳ ತುದಿಗಳು ಬಿರಿದು ಜೋಮು ಹಿಡಿದವು. ಕವರು ತೊಟ್ಟರೂ ನುಣುಪು ಯಾವುದು, ರವೆ ಯಾವುದು ತಿಳಿಯದಾದಾಗ ನಾನಾಗಿಯೇ ಕೆಲಸ ಬಿಟ್ಟೆ. ತಿಳಿಯದ ಕೈ ಬಣ್ಣದ ಮೇಲೆ ಇರಬಾರದು.

ಈಗ ಮನೆಯಲ್ಲೇ ಇರುತ್ತೇನೆ. ಸೋಮವಾರ ದೇವರ ತಂಬಿಗೆ ಬೆಳಗುತ್ತೇನೆ, ಹುಣಸೆಹಣ್ಣು, ಬೂದಿ ಹಾಕಿ. ಹಿತ್ತಾಳೆಗೆ ಎಷ್ಟು ತಿಕ್ಕಿದರೂ ನಡೆಯುತ್ತದೆ, ಹಾಗಾಗಿ ಕೈ ನಿಲ್ಲುವುದಿಲ್ಲ. ನಾಗವೇಣಿ ಶೆಡ್ಡಿನಿಂದ ಬರುವವರೆಗೂ ಕೆಲವೊಮ್ಮೆ ಅದನ್ನೇ ತಿಕ್ಕುತ್ತ ಕೂತಿರುತ್ತೇನೆ.

ಶೆಡ್ಡು ಇದೆ. ನಿಯಮ ಇದೆ. ನೋಡುವ ಕೈಗಳೂ ಇವೆ. "ಸಾಕು ಬಿಡಕ್ಕ" ಎನ್ನುವವನು ಇಲ್ಲ.